ತಂಗಿಗೆ ಅಮೆರಿಕದಲ್ಲಿ ಮೂರು ಸಲ ಸಿಫಿಲಿಸ್ ಪರೀಕ್ಷೆ ಯಾಕೆ? ಬಾಣಂತಿ ಮದ್ದು ಪಾರ್ಸೆಲ್ ಕಳಿಸಬಹುದಾ?

ಮುಳ್ಳೇರಿಯ_ಅಣ್ಣ

ಎಲ್ಲರಿಗೂ ನಮಸ್ಕಾರ. ಎರಡು ವಿಷಯ ಕೇಳಬೇಕಿತ್ತು. ಎರಡೂ ತಂಗಿಯ ಹೆರಿಗೆಗೆ ಸಂಬಂಧಪಟ್ಟದ್ದೇ, ಹಾಗಾಗಿ ಒಟ್ಟಿಗೇ ಹಾಕುತ್ತಿದ್ದೇನೆ.

ತಂಗಿ ಮತ್ತು ಭಾವ ಟೆಕ್ಸಾಸ್‌ನಲ್ಲಿದ್ದಾರೆ. ಅವಳಿಗೀಗ ಏಳು ತಿಂಗಳು. ಮೊದಲ ಸಲ ಡಾಕ್ಟರ ಹತ್ತಿರ ಹೋದಾಗಲೇ ರಕ್ತ ತೆಗೆದು ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಎಲ್ಲ ನೋಡಿದ್ದರು. ಯಾವುದೂ ಇರಲಿಲ್ಲ. ಈಗ ಸಿಫಿಲಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಆ ಸೋಂಕು, ಮತ್ತೆ ನೋಡಬೇಕು ಅಂದಿದ್ದಾರಂತೆ, ಹೆರಿಗೆ ಹೊತ್ತಿಗೆ ಇನ್ನೊಮ್ಮೆ ನೋಡುತ್ತಾರಂತೆ. ಫೋನಿನಲ್ಲಿ ಮಾತಾಡುವಾಗ ಅವಳು ಇದನ್ನು ಅಮ್ಮನಿಗೆ ಹೇಳಿಬಿಟ್ಟಳು. ಅಂದಿನಿಂದ ಅಮ್ಮನಿಗೆ ಊಟ ಸೇರುತ್ತಿಲ್ಲ. ಒಮ್ಮೆ ಇಲ್ಲ ಅಂತ ಬಂದ ಮೇಲೂ ಮತ್ತೆ ನೋಡುವುದಾದರೆ ಆಸ್ಪತ್ರೆಯವರಿಗೆ ಏನೋ ಸಂಶಯ ಇದೆ, ಅಳಿಯನ ವಿಷಯ ಏನೋ ಗೊತ್ತಾಗಿದೆ, ಮಗಳು ನಮ್ಮಿಂದ ಮುಚ್ಚಿಡುತ್ತಿದ್ದಾಳೆ ಅಂತ ರಾತ್ರಿ ಕೂತು ಅಳುತ್ತಾರೆ. ಭಾವ ಒಳ್ಳೆಯವರು. ನನಗೆ ಆ ಸಂಶಯ ಇಲ್ಲ. ಆದರೆ ಅಮ್ಮನಿಗೆ ಹೇಗೆ ತಿಳಿಸಿ ಹೇಳುವುದು ಗೊತ್ತಾಗುತ್ತಿಲ್ಲ. ನಮ್ಮ ಕಡೆಯವರಿಗೆ ಮಾತ್ರ ಹೀಗೆ ಮಾಡುತ್ತಾರಾ, ಎಲ್ಲರಿಗೂ ಮಾಡುತ್ತಾರಾ?

ತಂಗಿ ಒಂದು ಸುದ್ದಿಯನ್ನೂ ಕಳಿಸಿದ್ದಳು. ಅಲ್ಲಿ ಗರ್ಭಿಣಿಯರಿಗೆ ಸಿಫಿಲಿಸ್ ತಡೆಯಲು ಮಸೂದೆ ತಂದಿದ್ದಾರಂತೆ. ಅದರ ಕೆಳಗೇ ಸುಂಕ ಇಲ್ಲದೆ ಸಣ್ಣ ಪಾರ್ಸೆಲ್ ಬಿಡುವ ನಿಯಮದ ಬಗ್ಗೆ ಇತ್ತು. ಅದನ್ನು ಓದಿ ಎರಡನೇ ಚಿಂತೆ ಶುರುವಾಯಿತು. ಅಮ್ಮ ಬಾಣಂತಿ ಲೇಹ, ಹಲಸಿನ ಹಪ್ಪಳ, ಮಾಂಬಳ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಮಗುವಿಗೆ ಹಳೆ ಪಂಚೆಯ ಬಟ್ಟೆ, ಎಣ್ಣೆ ಎಲ್ಲ ಕಟ್ಟಿಟ್ಟಿದ್ದಾರೆ. ಕಳಿಸಬಹುದಾ? ಸುಂಕ ಎಷ್ಟು ಬೀಳುತ್ತದೆ?

ಕುಂಬಳೆ_ಸಿಸ್ಟರಕ್ಕ

ಮೊದಲು ಅಮ್ಮನಿಗೆ ಊಟ ಮಾಡಲು ಹೇಳಿ. ಹೆದರುವ ವಿಷಯ ಇದರಲ್ಲಿ ಏನೂ ಇಲ್ಲ.

ನಾನು ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಳಾದವಳು. ಈ ಪರೀಕ್ಷೆ ಎಲ್ಲ ಬಸುರಿಯರಿಗೂ ಮಾಡುವುದು. ಅಮೆರಿಕದಲ್ಲೂ, ಇಲ್ಲೂ. ನಮ್ಮಲ್ಲಿ ಮೊದಲ ಭೇಟಿಗೆ ಬರೆಯುವ ರಕ್ತಪರೀಕ್ಷೆಯ ಚೀಟಿ ತೆಗೆದು ನೋಡಿ. ಹಿಮೋಗ್ಲೋಬಿನ್, ಬ್ಲಡ್ ಗ್ರೂಪ್, ಶುಗರ್ ಜೊತೆಗೆ ವಿಡಿಆರ್‌ಎಲ್ ಅಂತ ಒಂದು ಇರುತ್ತದೆ. ಅದೇ ಸಿಫಿಲಿಸ್ ಪರೀಕ್ಷೆ. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಹೆತ್ತವರ ಫೈಲಿನಲ್ಲೂ ಅದು ಇರುತ್ತದೆ. ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ, ಅಷ್ಟೇ. ಈಗ ಸರಕಾರಿ ಕೇಂದ್ರಗಳಲ್ಲಿ ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಂದೇ ಕಿಟ್‌ನಲ್ಲಿ ನೋಡುವ ವ್ಯವಸ್ಥೆಯೂ ಬಂದಿದೆ. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರೆ ಸಾಕು, ಸುಮಾರು 20 ನಿಮಿಷದಲ್ಲಿ ಗೊತ್ತಾಗುತ್ತದೆ.

ಮತ್ತೆ ಮತ್ತೆ ಯಾಕೆ ಅಂದರೆ, ಸೋಂಕು ತಗಲಿದ ಕೂಡಲೇ ರಕ್ತದಲ್ಲಿ ಕಾಣುವುದಿಲ್ಲ. ಮೊದಲ ಹುಣ್ಣು ಏಳಲೇ 10ರಿಂದ 90 ದಿನ ಹಿಡಿಯುತ್ತದೆ. ಆ ಹುಣ್ಣಿಗೆ ನೋವಿಲ್ಲ, ತನ್ನಷ್ಟಕ್ಕೇ ಒಣಗಿ ಹೋಗುತ್ತದೆ, ಹೆಂಗಸರಿಗೆ ಒಳಗಡೆ ಎದ್ದರೆ ಕಣ್ಣಿಗೇ ಬೀಳುವುದಿಲ್ಲ. ತಾಯಿ ಗಟ್ಟಿಮುಟ್ಟಾಗಿ ಓಡಾಡುತ್ತಿರುತ್ತಾಳೆ, ಹೊಟ್ಟೆಯೊಳಗೆ ಮಗುವಿಗೆ ತಗಲಿರುತ್ತದೆ. ಗರ್ಭ ನಿಲ್ಲದೆ ಹೋಗಬಹುದು, ಮಗು ಹೊಟ್ಟೆಯಲ್ಲೇ ತೀರಿಹೋಗಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು. ಬದುಕಿದ ಮಗುವಿಗೂ ಎಲುಬು, ಲಿವರ್, ಕಣ್ಣು, ಕಿವಿ ಹಾಳಾಗಬಹುದು. ಎಷ್ಟೋ ಮಕ್ಕಳು ಹುಟ್ಟುವಾಗ ಸರಿಯಾಗಿಯೇ ಕಾಣುತ್ತವೆ, ಆಮೇಲೆ ವರ್ಷಗಳು ಕಳೆದು ಕಿವಿ ಕೇಳಿಸುವುದಿಲ್ಲ ಅಂತ ಗೊತ್ತಾಗುತ್ತದೆ. ಇದನ್ನೆಲ್ಲ ತಡೆಯಲು ಪೆನ್ಸಿಲಿನ್ ಇಂಜೆಕ್ಷನ್ ಸಾಕು, ಆದರೆ ಹೆರಿಗೆಗೆ ಕಡಿಮೆ ಅಂದರೂ 30 ದಿನ ಇರುವಾಗಲೇ ಚಿಕಿತ್ಸೆ ಶುರುವಾಗಿರಬೇಕು. ಏಳು ತಿಂಗಳಿಗೆ ಎರಡನೇ ಪರೀಕ್ಷೆ ಮಾಡುವುದಕ್ಕೆ ಇದೇ ಕಾರಣ. ಆಗ ಕಂಡರೆ ಇನ್ನೂ ಸಮಯ ಇರುತ್ತದೆ.

ನಿಮ್ಮ ಭಾವನ ಬಗ್ಗೆ ಯಾರಿಗೂ ಏನೂ ಗೊತ್ತಾಗಿಲ್ಲ. ಅಮ್ಮನಿಗೆ ಇಷ್ಟು ಹೇಳಿದರೆ ಸಾಕು: ಅಲ್ಲಿ ಹೆರಿಗೆಗೆ ಬಂದ ಪ್ರತಿಯೊಬ್ಬಳಿಗೂ ಮಾಡುತ್ತಾರೆ, ನಮ್ಮ ಮಗಳನ್ನು ಬಿಟ್ಟಿಲ್ಲ.

ಹ್ಯೂಸ್ಟನ್_ಮಂಜೇಶ್ವರ

ಸಿಸ್ಟರಕ್ಕ ಹೇಳಿದ್ದು ಸರಿ. ನಾನು ಟೆಕ್ಸಾಸ್‌ನಲ್ಲೇ ಇರುವುದು, ನನ್ನ ಹೆಂಡತಿಗೂ ಮೂರು ಸಲ ಮಾಡಿದರು. ಇಲ್ಲಿ ಅದು ಡಾಕ್ಟರ ಇಷ್ಟ ಅಲ್ಲ, ರಾಜ್ಯದ ಕಾನೂನು. ಮೊದಲ ಭೇಟಿ, ಕೊನೆಯ ಮೂರು ತಿಂಗಳಲ್ಲಿ ಒಮ್ಮೆ, ಹೆರಿಗೆ ಹೊತ್ತಿಗೆ ಒಮ್ಮೆ. ಹೆಸರು ನೋಡಿ, ದೇಶ ನೋಡಿ ಮಾಡುವುದಿಲ್ಲ. ಎಲ್ಲ ರಾಜ್ಯಗಳಲ್ಲೂ ಇದೇ ಕಾನೂನು ಇಲ್ಲ, ಕೆಲವು ಕಡೆ ಮೊದಲ ಪರೀಕ್ಷೆ ಮಾತ್ರ ಕಡ್ಡಾಯ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಹೆರಿಗೆ ಡಾಕ್ಟರುಗಳ ಸಂಘವೇ ದೇಶದ ಎಲ್ಲ ಗರ್ಭಿಣಿಯರಿಗೂ ಮೂರು ಸಲ ಮಾಡಿ ಅಂತ ಸಲಹೆ ಕೊಟ್ಟಿತು.

ಅಷ್ಟು ಗಾಬರಿ ಯಾಕೆ ಅಂದರೆ ಇಲ್ಲಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಹುಟ್ಟುವಾಗಲೇ ಸಿಫಿಲಿಸ್ ಇರುವ ಮಕ್ಕಳ ಪ್ರಕರಣ 2012ರಲ್ಲಿ 335 ಇತ್ತು. 2022ಕ್ಕೆ ಅದು 3,700 ದಾಟಿತು, ಅಂದರೆ ಹತ್ತು ವರ್ಷದಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ. 2023ರಲ್ಲಿ 3,882. ಆ ಒಂದೇ ವರ್ಷ 279 ಮಕ್ಕಳು ಹೊಟ್ಟೆಯಲ್ಲೇ ಅಥವಾ ಹುಟ್ಟಿದ ಮೇಲೆ ತೀರಿಕೊಂಡವು. ಇಷ್ಟು ದುಡ್ಡಿರುವ ದೇಶದಲ್ಲಿ! ಸಕಾಲಕ್ಕೆ ಪರೀಕ್ಷೆ ಮತ್ತು ಇಂಜೆಕ್ಷನ್ ಸಿಕ್ಕಿದ್ದರೆ 2022ರ ಪ್ರಕರಣಗಳಲ್ಲಿ ಹತ್ತಿರ ಹತ್ತಿರ 90 ಶೇಕಡಾ ತಪ್ಪಿಸಬಹುದಿತ್ತು ಅಂತ ಇಲ್ಲಿನ ಸರಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳಿದೆ. ಇದನ್ನು ಓದಿದಾಗ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ನ್ಯೂ ಮೆಕ್ಸಿಕೊ, ಮಿಸ್ಸಿಸಿಪ್ಪಿ, ಸೌತ್ ಡಕೋಟಾ ಕಡೆ ಪರಿಸ್ಥಿತಿ ಇನ್ನೂ ಕೆಟ್ಟದಾಗಿದೆ. ಇನ್ಶೂರೆನ್ಸ್ ಇಲ್ಲದವರು, ಆಸ್ಪತ್ರೆಗೆ ಗಂಟೆಗಟ್ಟಲೆ ಗಾಡಿ ಓಡಿಸಬೇಕಾದವರು ಮೊದಲ ತಪಾಸಣೆಗೇ ಬರುವುದಿಲ್ಲ.

ತಂಗಿ ಕಳಿಸಿದ ಸುದ್ದಿ ಮೆಟರ್ನಲ್ ಅಂಡ್ ಇನ್‌ಫ್ಯಾಂಟ್ ಸಿಫಿಲಿಸ್ ಪ್ರಿವೆನ್ಷನ್ ಆಕ್ಟ್ ಅನ್ನುವ ಮಸೂದೆಯದ್ದೇ ಇರಬೇಕು. ಹೆಸರಿನಲ್ಲಿ ಆಕ್ಟ್ ಅಂತ ಇದೆ ಅಂದ ಮಾತ್ರಕ್ಕೆ ಕಾನೂನಾಯಿತು ಅಂತಲ್ಲ, ಎರಡೂ ಸದನ ಒಪ್ಪಿ ಅಧ್ಯಕ್ಷರು ಸಹಿ ಹಾಕಬೇಕು. ಅದು ತಾಯಂದಿರ ಮೇಲೆ ಹೇರುವ ಮಸೂದೆಯೂ ಅಲ್ಲ. ಮೆಡಿಕೈಡ್‌ನಲ್ಲಿ, ಅಂದರೆ ಬಡವರಿಗೆ ಸರಕಾರ ಕೊಡುವ ಇನ್ಶೂರೆನ್ಸ್‌ನಲ್ಲಿ, ಗರ್ಭಿಣಿಯರಿಗೆ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಕೇಂದ್ರದ ಆರೋಗ್ಯ ಇಲಾಖೆ ರಾಜ್ಯಗಳಿಗೆ ದಾರಿ ತೋರಿಸಬೇಕು ಅನ್ನುವುದು ಅದರ ತಿರುಳು. ಇಲ್ಲಿನ ಹೆರಿಗೆಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಮೆಡಿಕೈಡ್ ಖರ್ಚಿನಲ್ಲೇ ಆಗುತ್ತವೆ, ಹಾಗಾಗಿ ಅಲ್ಲಿ ಸರಿಯಾದರೆ ಬಹಳ ಮಕ್ಕಳು ಉಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಮಾರ್ಗಸೂಚಿ ಮಾತ್ರ ಸಾಲದು. ಪರೀಕ್ಷೆಯನ್ನೇ ಎಲ್ಲ ರಾಜ್ಯಗಳಲ್ಲೂ ಮೂರು ಸಲ ಕಡ್ಡಾಯ ಮಾಡಿ ಪೂರ್ತಿ ಉಚಿತ ಮಾಡಬೇಕು.

ಬದಿಯಡ್ಕ_ಮೆಡಿಕಲ್ಸ್

ಮದ್ದಿನ ವಿಷಯ ನಾನು ಸ್ವಲ್ಪ ಹೇಳುತ್ತೇನೆ. ಪರೀಕ್ಷೆ ಎಷ್ಟು ಸಲ ಮಾಡಿದರೂ ಇಂಜೆಕ್ಷನ್ ಇಲ್ಲದಿದ್ದರೆ ಏನು ಪ್ರಯೋಜನ?

ಬಸುರಿಯರ ಸಿಫಿಲಿಸ್‌ಗೆ ಪೆನ್ಸಿಲಿನ್ ಬಿಟ್ಟರೆ ಬೇರೆ ನಂಬುವ ಮದ್ದಿಲ್ಲ. ಅಜಿತ್ರೊಮೈಸಿನ್ ಮಾಸು (ಪ್ಲಾಸೆಂಟಾ) ದಾಟಿ ಮಗುವಿಗೆ ಸರಿಯಾಗಿ ತಲುಪುವುದಿಲ್ಲ. ಡಾಕ್ಸಿಸೈಕ್ಲಿನ್ ಬಸುರಿಯರಿಗೆ ಕೊಡುವ ಹಾಗಿಲ್ಲ. ಪೆನ್ಸಿಲಿನ್ ಆಗದವರು ಅಂದರೂ ಆಸ್ಪತ್ರೆಯಲ್ಲಿ ಮಲಗಿಸಿ ಸ್ವಲ್ಪ ಸ್ವಲ್ಪವೇ ಕೊಟ್ಟು ದೇಹಕ್ಕೆ ಒಗ್ಗಿಸಿ ಅದನ್ನೇ ಕೊಡುತ್ತಾರೆ. ಬೆಂಜತೀನ್ ಪೆನ್ಸಿಲಿನ್ 24 ಲಕ್ಷ ಯೂನಿಟ್, ಸೊಂಟದ ಕೆಳಗೆ ಮಾಂಸಖಂಡಕ್ಕೆ. ಹೊಸ ಸೋಂಕಾದರೆ ಒಂದು ಡೋಸ್, ಹಳೆಯದು ಅಥವಾ ಯಾವಾಗ ತಗಲಿತು ಗೊತ್ತಿಲ್ಲ ಅಂತಾದರೆ ವಾರಕ್ಕೊಂದರಂತೆ ಮೂರು. ನಮ್ಮಲ್ಲಿ ರುಮ್ಯಾಟಿಕ್ ಹೃದಯದ ಕಾಯಿಲೆ ಇರುವ ಮಕ್ಕಳಿಗೆ 21 ದಿನಕ್ಕೊಮ್ಮೆ ಕೊಡುತ್ತಾರಲ್ಲ, ಅದೇ ಇಂಜೆಕ್ಷನ್.

ಇದು ತುಂಬಾ ಹಳೆಯ ಮದ್ದು, ಬೆಲೆ ಕಡಿಮೆ, ಕಂಪನಿಗಳಿಗೆ ಲಾಭ ಕಡಿಮೆ. ಹಾಗಾಗಿ ಜಗತ್ತಿನಲ್ಲೇ ಮಾಡುವವರು ಕಡಿಮೆ. ಒಂದು ಕಡೆ ನಿಂತರೆ ಎಲ್ಲ ಕಡೆ ಖಾಲಿ. 2023ರಲ್ಲಿ ಅಮೆರಿಕದಲ್ಲಿ ಹೀಗೇ ಆಯಿತು. ಅಲ್ಲಿ ಬಿಸಿಲಿನ್ ಅನ್ನುವ ಹೆಸರಿನಲ್ಲಿ ಫೈಜರ್ ಮಾತ್ರ ಮಾಡುತ್ತದೆ, ಸ್ಟಾಕ್ ಸಾಲದೆ ಇರುವುದನ್ನು ಗರ್ಭಿಣಿಯರಿಗೆ ಮೀಸಲಿಡಿ ಅಂತ ಸರಕಾರ ಹೇಳಬೇಕಾಯಿತು. ಆಮೇಲೆ ಅಲ್ಲಿನ ಆಹಾರ, ಮದ್ದು ನಿಯಂತ್ರಣ ಇಲಾಖೆ ಎಫ್‌ಡಿಎ ಫ್ರಾನ್ಸ್‌ನ ಎಕ್ಸ್‌ಟೆನ್ಸಿಲಿನ್, ಪೋರ್ಚುಗಲ್‌ನ ಲೆಂಟೊಸಿಲಿನ್ ಎರಡನ್ನೂ ತಾತ್ಕಾಲಿಕವಾಗಿ ತರಿಸಿಕೊಳ್ಳಲು ಬಿಟ್ಟಿತು. ಅವುಗಳಿಗೆ ಅಮೆರಿಕದಲ್ಲಿ ಲೈಸೆನ್ಸೇ ಇರಲಿಲ್ಲ! ಸುಂಕ, ಆಮದು ನಿಯಮ ಅಂದರೆ ವ್ಯಾಪಾರಿಗಳ ವಿಷಯ ಅಂತ ನಾವು ಪೇಪರಿನ ಆ ಪುಟ ತಿರುಗಿಸಿಬಿಡುತ್ತೇವೆ. ಒಂದು ಪೆಟ್ಟಿಗೆ ಬಂದರಿನಲ್ಲಿ ನಿಂತರೆ ಒಂದು ಮಗುವಿನ ಕಿವಿ ಹೋಗುತ್ತದೆ. ಮದ್ದಿಗೆ ಗಡಿ, ಸುಂಕ ಎರಡೂ ಅಡ್ಡ ಬರಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಾವೂ ಪೆನ್ಸಿಲಿನ್‌ನ ಕಚ್ಚಾವಸ್ತುವಿಗೆ ಬಹಳ ವರ್ಷ ಚೀನಾವನ್ನೇ ನಂಬಿ ಕೂತವರು. 2024ರಲ್ಲಿ ಆಂಧ್ರದ ಕಾಕಿನಾಡದಲ್ಲಿ ಪೆನ್ಸಿಲಿನ್ ಜಿ ಮಾಡುವ ಕಾರ್ಖಾನೆ ಶುರುವಾದದ್ದು ನನಗೆ ನಿಜಕ್ಕೂ ಖುಷಿಯ ಸುದ್ದಿ.

ಅಂಚೆ_ಗೆಳೆಯ

ಪಾರ್ಸೆಲ್ ಪ್ರಶ್ನೆಗೆ ಉತ್ತರ. ನಾನು ಅಂಚೆ ಕಚೇರಿಯಲ್ಲೇ ಕೆಲಸ ಮಾಡುವವನು.

ಅಮೆರಿಕಕ್ಕೆ 800 ಡಾಲರ್ ತನಕದ ಪಾರ್ಸೆಲ್ ಸುಂಕ ಇಲ್ಲದೆ ಹೋಗುತ್ತಿತ್ತು. 2016ರಿಂದ ಆ ಮಿತಿ ಇತ್ತು, ಅದಕ್ಕೆ ಮೊದಲು 200 ಡಾಲರ್. ಚೀನಾದಿಂದ ಬರುವ ಅಗ್ಗದ ಸಾಮಾನಿನ ಪಾರ್ಸೆಲ್ ಲೆಕ್ಕವಿಲ್ಲದಷ್ಟು ಆಯಿತು, ಅದರಲ್ಲೇ ಫೆಂಟನಿಲ್ ಮಾದಕ ವಸ್ತು ಬರುತ್ತಿದೆ ಅಂತ ಹೇಳಿ 2025ರ ಮೇ 2ರಿಂದ ಚೀನಾಕ್ಕೆ ನಿಲ್ಲಿಸಿದರು, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿದರು. ಸುಂಕ ಯಾರು ಕಟ್ಟಿಸಿಕೊಳ್ಳುವುದು ಅಂತ ತೀರ್ಮಾನವಾಗದೆ ನಮ್ಮ ಅಂಚೆ ಇಲಾಖೆ ಅಮೆರಿಕದ ಬುಕಿಂಗನ್ನೇ ನಿಲ್ಲಿಸಬೇಕಾಗಿ ಬಂತು, ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು. ಈಗ ಸುಂಕ ಇದ್ದರೆ ಕಳಿಸುವಾಗಲೇ ಇಲ್ಲೇ ಕಟ್ಟಬೇಕು. ದರ ಬದಲಾಗುತ್ತಲೇ ಇದೆ, ಆದ ಕಾರಣ ಕಳಿಸುವ ದಿನ ಕೌಂಟರಿನಲ್ಲೇ ಕೇಳಿ. ಕಾನೂನು ಪುಸ್ತಕದಿಂದಲೇ ಆ ವಿನಾಯಿತಿಯನ್ನು 2027ರ ಜುಲೈ 1ರಿಂದ ತೆಗೆದುಹಾಕುವುದು ಅಂತಲೂ ಮಾಡಿದ್ದಾರೆ.

ಆದರೆ ನಿಮಗೆ ಇದು ಅಷ್ಟು ತಟ್ಟುವುದಿಲ್ಲ ಅಣ್ಣ. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆಗೆ 100 ಡಾಲರ್ ತನಕ ಸುಂಕ ಇಲ್ಲ. ಹಪ್ಪಳ, ಮಾಂಬಳ, ಪಂಚೆ ಬಟ್ಟೆ ಎಲ್ಲ ಸೇರಿದರೂ ಅಷ್ಟಾಗುವುದಿಲ್ಲ, ಅಲ್ವಾ? ಫಾರಂನಲ್ಲಿ ಉಡುಗೊರೆ ಅಂತ ಬರೆಯಿರಿ, ಒಳಗೆ ಏನಿದೆ ಅಂತ ಒಂದೊಂದಾಗಿ ಇಂಗ್ಲಿಷಿನಲ್ಲಿ ಬರೆಯಿರಿ, ಬೆಲೆ ಸುಮ್ನೆ ಸೊನ್ನೆ ಅಂತ ಹಾಕಬೇಡಿ. ಮನೆಯಲ್ಲೇ ಮಾಡಿದ ತಿಂಡಿಯನ್ನು ಮಾಡಿದವರೇ ಉಡುಗೊರೆಯಾಗಿ ಕಳಿಸಿದರೆ ಅಲ್ಲಿನ ಎಫ್‌ಡಿಎಗೆ ಮುಂಚೆ ತಿಳಿಸುವ ರಗಳೆ ಇಲ್ಲ. ಅಂಗಡಿಯಿಂದ ತಂದ ತಿಂಡಿಗೆ ಅದು ಬೇಕು. ಸಾಂತಾಣಿ ಬಿಡಿ. ಬೀಜದಂತೆ ಏನು ಕಂಡರೂ ಅಲ್ಲಿ ತಡೆಯುವ ಸಾಧ್ಯತೆ ಜಾಸ್ತಿ.

ಹ್ಯೂಸ್ಟನ್_ಮಂಜೇಶ್ವರ

ಅಂಚೆಯವರ ಮಾತಿಗೆ ಒಂದು ಸೇರಿಸುತ್ತೇನೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಲೇಹ ಮನೆಯಲ್ಲೇ ಮೆಂತೆ, ಬೆಲ್ಲ, ಶುಂಠಿ ಹಾಕಿ ಮಾಡಿದ್ದಾ, ಹೊರಗಿನಿಂದ ತಂದದ್ದಾ? ಹೊರಗಿನದಾದರೆ, ಅದರಲ್ಲೂ ಭಸ್ಮ ಹಾಕಿದ್ದಾದರೆ ಕಳಿಸಬೇಡಿ. 2011–12ರಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತದಿಂದ ತಂದ ಆಯುರ್ವೇದದ ಮಾತ್ರೆ ತಿಂದ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ವಿಪರೀತ ಕಂಡುಬಂದು ಸಿಡಿಸಿ ಅದನ್ನು 2012ರಲ್ಲಿ ಪ್ರಕಟಿಸಿತ್ತು. ಸೀಸ ಮಗುವಿನ ಮಿದುಳಿಗೆ ಹೋಗುತ್ತದೆ, ಎದೆಹಾಲಿಗೂ ಇಳಿಯುತ್ತದೆ. ಆಯುರ್ವೇದ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದ್ದನ್ನು ಬಾಣಂತಿಗೆ ಕೊಡಬೇಡಿ ಅಂತ ಮಾತ್ರ.

ಪೆರ್ಲದವಳು

ಇಷ್ಟು ದಿನ ಯಾರ ಹತ್ತಿರವೂ ಹೇಳದ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಮುಳ್ಳೇರಿಯದ ಅಣ್ಣನ ಅಮ್ಮನ ಸಂಕಟ ಓದಿ ತಡೆಯಲಾಗಲಿಲ್ಲ.

ನನ್ನ ಮೊದಲ ಬಸಿರಿನಲ್ಲಿ ವಿಡಿಆರ್‌ಎಲ್ ಪಾಸಿಟಿವ್ ಅಂತ ಬಂತು. ಆಸ್ಪತ್ರೆಯ ಹೆಸರು ಬೇಡ. ರಿಸಲ್ಟ್ ಕೊಡುವ ಕಿಟಕಿಯಲ್ಲಿದ್ದವರು ಹಿಂದೆ ಸಾಲಿನಲ್ಲಿ ಅಷ್ಟು ಜನ ನಿಂತಿರುವಾಗಲೇ ಗಂಡನನ್ನು ಕರೆದುಕೊಂಡು ಬಾ, ಅವನಿಗೂ ನೋಡಬೇಕು ಅಂತ ಮಲಯಾಳದಲ್ಲಿ ಜೋರಾಗಿ ಹೇಳಿದರು. ನನಗೆ ಮಲಯಾಳ ಅರ್ಥವಾಗುತ್ತದೆ, ಆದರೆ ಅವತ್ತು ಅರ್ಥವಾಗದಿದ್ದರೇ ಒಳ್ಳೆಯದಿತ್ತು ಅನಿಸಿತು. ಜೊತೆಯಲ್ಲಿದ್ದ ಅತ್ತೆಗೆ ತುಳು, ಕನ್ನಡ ಮಾತ್ರ ಬರುವುದು. ಏನಂತೆ ಏನಂತೆ ಅಂತ ಅವರು ಕೇಳಿದಾಗ ಪಕ್ಕದಲ್ಲಿದ್ದವರೇ ಅವರಿಗೆ ತಿಳಿದಂತೆ ಹೇಳಿಬಿಟ್ಟರು. ಆ ರಾತ್ರಿ ಮನೆಯಲ್ಲಿ ಏನೆಲ್ಲ ಮಾತು ಬಂತು ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಗಂಡ ನನ್ನ ಮೇಲೆ, ನಾನು ಗಂಡನ ಮೇಲೆ.

ಆಮೇಲೆ ಮಂಗಳೂರಿನಲ್ಲಿ ಟಿಪಿಎಚ್‌ಎ ಅಂತ ಇನ್ನೊಂದು ಪರೀಕ್ಷೆ ಮಾಡಿದರು. ನನಗೂ ಇಲ್ಲ, ಅವರಿಗೂ ಇಲ್ಲ. ರೋಗವೇ ಇರಲಿಲ್ಲ. ಮಗು ಚೆನ್ನಾಗಿದೆ. ಆದರೆ ಅತ್ತೆಯ ಮನಸ್ಸಿನಲ್ಲಿ ಆ ಮಾತು ಇನ್ನೂ ಉಳಿದಿದೆ ಅಂತ ನನಗೆ ಗೊತ್ತು. ಪರೀಕ್ಷೆ ಬೇಕು. ಅದನ್ನು ಹೇಳುವ ರೀತಿ ಬೇರೆ ಇರಬೇಕಿತ್ತು.

ಕುಂಬಳೆ_ಸಿಸ್ಟರಕ್ಕ

ತಂಗೀ, ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮೇಲೆ ಆದದ್ದು ಅನ್ಯಾಯ. ಇಂಥ ರಿಸಲ್ಟ್ ಹೇಳಬೇಕಾದದ್ದು ಬಾಗಿಲು ಹಾಕಿದ ಕೋಣೆಯಲ್ಲಿ, ಮೊದಲು ಹೆಂಗಸಿಗೆ ಮಾತ್ರ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ.

ಎಲ್ಲರಿಗೂ ತಿಳಿಯಲಿ ಅಂತ ಬರೆಯುತ್ತೇನೆ. ವಿಡಿಆರ್‌ಎಲ್ ಪಾಸಿಟಿವ್ ಬಂದ ಮಾತ್ರಕ್ಕೆ ಸಿಫಿಲಿಸ್ ಇದೆ ಅಂತಲ್ಲ. ಬಸಿರಿನಿಂದಲೇ ಸುಳ್ಳು ಪಾಸಿಟಿವ್ ಬರಬಹುದು. ಲೂಪಸ್‌ನಂಥ ಕಾಯಿಲೆಗಳಲ್ಲಿ, ಮಲೇರಿಯಾದಲ್ಲೂ ಬರಬಹುದು. ಅದಕ್ಕೇ ಟಿಪಿಎಚ್‌ಎ ಮಾಡಿ ಖಚಿತ ಮಾಡಿಕೊಳ್ಳುವುದು. ಇನ್ನೊಂದು ಕಡೆಯಿಂದ, ಟಿಪಿಎಚ್‌ಎ ಒಮ್ಮೆ ಪಾಸಿಟಿವ್ ಆದರೆ ಮದ್ದು ಮಾಡಿ ಗುಣವಾದ ಮೇಲೂ ಹೆಚ್ಚಿನವರಿಗೆ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ. ಹಾಗಾಗಿ ಹಳೆಯ ಚಿಕಿತ್ಸೆಯ ಚೀಟಿಗಳನ್ನು ಬಿಸಾಡಬೇಡಿ, ಮುಂದಿನ ಬಸಿರಿಗೆ ಬೇಕಾಗುತ್ತದೆ.

ನಿಜವಾಗಿ ಸೋಂಕು ಇದ್ದರೂ ಯಾರು ಯಾರಿಗೆ ಕೊಟ್ಟದ್ದು ಅಂತ ರಿಸಲ್ಟ್ ಹೇಳುವುದಿಲ್ಲ, ಎಷ್ಟು ವರ್ಷದ್ದು ಅಂತಲೂ ಹೇಳುವುದಿಲ್ಲ. ಮದುವೆಗೆ ಎಷ್ಟೋ ಮೊದಲಿನದ್ದಿರಬಹುದು. ಆ ಹೊತ್ತಿನಲ್ಲಿ ಜಗಳ ಮಾಡುತ್ತಾ ಕೂತರೆ ದಿನ ಹೋಗುತ್ತದೆ, ಮಗುವಿಗೆ ಆ ದಿನಗಳೇ ಮುಖ್ಯ. ಗಂಡನಿಗೂ ಪರೀಕ್ಷೆ, ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ಇಂಜೆಕ್ಷನ್ ಆದ ಹೆಂಡತಿಗೆ ಮತ್ತೆ ತಗಲುತ್ತದೆ. ಇಂಜೆಕ್ಷನ್ ಆದ ಮೊದಲ 24 ಗಂಟೆ ಜ್ವರ, ಮೈಕೈ ನೋವು, ಕೆಲವರಿಗೆ ಹೊಟ್ಟೆ ಬಿಗಿದುಕೊಳ್ಳುವುದು ಆಗಬಹುದು. ಗಾಬರಿ ಬೇಡ, ಆದರೆ ಆಸ್ಪತ್ರೆಗೆ ತಿಳಿಸಿ.

ಭಾಷೆಯ ವಿಷಯ ನೀವು ಹೇಳಿದ್ದು ನನ್ನ ಎದೆಗೆ ತಟ್ಟಿತು. ಕಾಸರಗೋಡು, ಮಂಜೇಶ್ವರ ಕಡೆ ಕನ್ನಡದವರಿಗೆ ಕನ್ನಡದಲ್ಲಿ ಸರಕಾರದ ಜೊತೆ ವ್ಯವಹರಿಸುವ ಹಕ್ಕು 1969ರ ಕೇರಳ ಭಾಷಾ ಕಾನೂನಿನಲ್ಲೇ ಇದೆ. ಬೋರ್ಡಿಗೆ, ಅರ್ಜಿಗೆ ಅಂತ ನಾವು ಹೋರಾಡುತ್ತೇವೆ. ಬಸುರಿ ಹೆಂಗಸಿಗೆ ಅವಳ ರಕ್ತದ ರಿಸಲ್ಟನ್ನು ಕನ್ನಡದಲ್ಲಿ, ಅವಳೊಬ್ಬಳಿಗೆ ಮಾತ್ರ ಹೇಳಬೇಕು ಅಂತಲೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಕನ್ನಡ ಗೊತ್ತಿರುವ ಆಶಾ ಕಾರ್ಯಕರ್ತೆಯರು ಇದ್ದಾರೆ, ಸಿಸ್ಟರುಗಳು ಇದ್ದಾರೆ, ಕರೆಸಿ ಮಾತಾಡಿಸುವುದು ಕಷ್ಟದ ಕೆಲಸ ಅಲ್ಲ. ಗುಟ್ಟಾಗಿ ವಿಚಾರಿಸಬೇಕಾದವರು ಸರಕಾರದ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಹೆಸರು ಹೇಳಬೇಕಾಗಿಲ್ಲ.

ಮುಳ್ಳೇರಿಯ_ಅಣ್ಣ

ಎಲ್ಲರಿಗೂ ತುಂಬಾ ಉಪಕಾರ. ಸಿಸ್ಟರಕ್ಕನ ಮೊದಲ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಪೆರ್ಲದ ಅಕ್ಕನದ್ದನ್ನೂ, ಅವರ ಊರು ಹೇಳದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ತಂಗಿಗೆ ಫೋನ್ ಹಚ್ಚಿ ಪರೀಕ್ಷೆ ತಪ್ಪಿಸಬೇಡ ಅಂದರು. ಲೇಹ ಮನೆಯದ್ದೇ, ಅಮ್ಮನೇ ಕಾಯಿಸಿದ್ದು, ಭಸ್ಮ ಗಿಸ್ಮ ಏನೂ ಇಲ್ಲ. ಆದರೂ ತಂಗಿಯ ಡಾಕ್ಟರ ಹತ್ತಿರ ಕೇಳಿದ ಮೇಲೆಯೇ ಕಳಿಸುತ್ತೇವೆ.

ಇನ್ನೊಂದು ಕೇಳಲಿಕ್ಕಿತ್ತು. ದೊಡ್ಡಪ್ಪನ ಸೊಸೆಗೂ ಈಗ ಆರು ತಿಂಗಳು, ಇಲ್ಲೇ ಊರಲ್ಲಿ. ಅವಳ ಫೈಲಿನಲ್ಲಿ ಹುಡುಕಿದೆವು, ವಿಡಿಆರ್‌ಎಲ್ ಎಲ್ಲೂ ಕಾಣಲಿಲ್ಲ. ಬಿಟ್ಟುಹೋಗಿದೆಯಾ?

ಕುಂಬಳೆ_ಸಿಸ್ಟರಕ್ಕ

ಆರ್‌ಪಿಆರ್ ಅಥವಾ ಸಿಫಿಲಿಸ್ ಅಂತ ಬೇರೆ ಹೆಸರಿನಲ್ಲಿ ಬರೆದಿರಬಹುದು, ತಾಯಿ ಕಾರ್ಡಿನಲ್ಲೂ ನೋಡಿ. ಎಲ್ಲೂ ಇಲ್ಲದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ಪ್ರತಿ ತಿಂಗಳು 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತದೆ, ಉಚಿತ. ಆದರೆ ಅಲ್ಲಿಯ ತನಕ ಕಾಯುವುದು ಬೇಡ, ನಾಳೆಯೇ ಹತ್ತಿರದ ಕೇಂದ್ರಕ್ಕೆ ಹೋಗಿ ಸಿಫಿಲಿಸ್ ಪರೀಕ್ಷೆ ಆಗಿಲ್ಲ, ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳಿ. ಆರು ತಿಂಗಳು ತಡ ಆಗಿಲ್ಲ. ಏನಾದರೂ ಬಂದರೂ ಮದ್ದಿಗೆ ಸಮಯ ಇದೆ. ರಿಸಲ್ಟ್ ತರಲು ಅವಳೇ ಹೋಗಲಿ, ಬೇರೆಯವರ ಕೈಗೆ ಕೊಡಬೇಡಿ ಅಂತ ಮೊದಲೇ ಹೇಳಿಡಲಿ.